ಲೋಟದ ನೀರು

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೂ ಹೋಟೆಲಿನ ಬಾಗಿಲಲ್ಲಿ ನಿಂತರೆ ಸಾಕು, ಒಳಗಿನ ಸಾರಿಗೆ ಕೊತ್ತಂಬರಿ ಹುರಿದು ಹಾಕಿದ್ದಾರೋ ಪ್ಯಾಕೆಟ್ ಹರಿದು ಸುರಿದಿದ್ದಾರೋ ಹೇಳಬಲ್ಲೆ. ನಮ್ಮ ಮನೆಯವರಿಗೆ ಈ ಮೂಗಿಲ್ಲ. ಅವರಿಗಿರುವುದು ಬಾಯಿ ಮಾತ್ರ. ಹೊಳಲ್ಕೆರೆ ಸಂತೆಗೆ ಬೀಜ ತರಲು ಹೋದರೂ ಏನಾದರೂ ತಿನ್ನದೆ ಊರಿಗೆ ಮರಳಿದವರಲ್ಲ.

ಅವರ ಹಿಂದೆ ತಿರುಗಿ ನಾನು ಎಂತೆಂಥದನ್ನೋ ನೋಡಿದ್ದೇನೆ. ಚಿತ್ರದುರ್ಗದಲ್ಲಿ ಕೋಟೆ ಇಳಿದು ಬಂದ ದಿನ ಬೆಣ್ಣೆ ದೋಸೆ ಅಂತ ಕೂರಿಸಿದರು. ಬೆಣ್ಣೆ ಹೆಸರಿನಲ್ಲಿತ್ತು, ದೋಸೆಯ ಮೇಲೆ ಇರಲಿಲ್ಲ. ಹಿರಿಯೂರಿನ ಹತ್ತಿರ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಮುದ್ದೆ ತಂದಿಟ್ಟರು. ಮೇಲೆ ಚೆಂಡಿನ ಹಾಗೆ ನುಣ್ಣಗೆ, ಒಳಗೆ ಹಸಿ ಹಿಟ್ಟು. ಇವರು ಪನೀರು ತರಿಸಿಕೊಂಡರು. ಒದ್ದೆ ಸೋಪಿನ ಚೂರು ಕೆಂಪು ಗೊಜ್ಜಿನಲ್ಲಿ ಬಿದ್ದಂತಿತ್ತು. ಅದನ್ನು ಚಪ್ಪರಿಸಿ ತಿಂದದ್ದಲ್ಲದೆ ಮನೆಗೆ ಬಂದು, ಫೋನಿನಲ್ಲಿ ನೋಡಿಕೊಂಡು ಎರಡು ಲೀಟರು ಹಾಲು ಒಡೆದರು. ಹೆಗಲ ಮೇಲಿನ ಟವೆಲಿನಲ್ಲೇ ಕಟ್ಟಿ ಗೂಟಕ್ಕೆ ನೇತುಹಾಕಿದರು. ಕೊನೆಗೆ ಅದನ್ನು ಎಮ್ಮೆಯ ಮುಂದಿಟ್ಟೆ. ತನ್ನದೇ ಹಾಲು, ಮೂಸಿ ನೋಡಿ ಮುಖ ತಿರುಗಿಸಿತು.

"ಎಮ್ಮೆಗೇನು ಗೊತ್ತೈತೆ ಬಿಡು" ಅಂದರು.

"ನಿಮಗಿಂತ ಗೊತ್ತೈತೆ" ಅಂದೆ.

ನನ್ನ ಸಾರು ಬೇರೆ. ಬ್ಯಾಡಗಿ ಮೆಣಸಿನಕಾಯಿ, ಗುಂಟೂರು ಮೆಣಸಿನಕಾಯಿ, ಬೆಳ್ಳುಳ್ಳಿ, ಒರಳಿನಲ್ಲಿ ರುಬ್ಬಿದ್ದು. ಉಂಡವರ ಕಣ್ಣು ಮೂಗಲ್ಲಿ ನೀರು ಬಂದರೆ ಅದು ಊಟ ಅಂತ ನನ್ನ ಲೆಕ್ಕ. ನಮ್ಮ ಮನೆಯವರು ಮಾತ್ರ ಮದುವೆಯಾದಾಗಿನಿಂದ ಒಂದು ಕೆಟ್ಟ ಚಾಳಿ ಇಟ್ಟುಕೊಂಡಿದ್ದಾರೆ. ಸಾರು ಬಡಿಸಿದ ತಕ್ಷಣ ಲೋಟದ ನೀರನ್ನು ಅದಕ್ಕೆ ಸುರಿದುಕೊಳ್ಳುವುದು. ಯಾಕೆ ಅಂದರೆ "ಮುದ್ದೆ ಜಾರಕ್ಕೆ" ಅನ್ನುವರು. ಇವರ ನಾಲಿಗೆ ಇಷ್ಟೇ ಅಂತ ನಾನೂ ಬಿಟ್ಟಿದ್ದೆ.

ಈಗ ನನ್ನ ಮೊಮ್ಮಗಳ ವಿಷಯ. ಹಿರಿಯೂರಿನಲ್ಲಿರುವ ಮಗಳ ಮಗು, ಹರಕೆ ಹೊತ್ತು ಪಡೆದದ್ದು. ವರ್ಷದ ಮೇಲೆ ಎರಡು ತಿಂಗಳು, ಮೇಲೆ ನಾಲ್ಕು ಹಲ್ಲು, ಕೆಳಗೆ ಎರಡು. ನಗುವಾಗ ಆರೂ ಕಾಣುತ್ತವೆ. ಅವಳನ್ನು ನೋಡಿದರೆ ನನಗೆ ಎರಡು ಕೈ ಸಾಲುವುದಿಲ್ಲ. ಹದಿನೈದು ದಿನಕ್ಕೆಂದು ಮಗಳು ಕರೆದುಕೊಂಡು ಬಂದಿದ್ದಳು, ಜೊತೆಗೆ ಒಂದು ಡಬ್ಬಿ. ಅಂಗಡಿಯ ಪುಡಿ, ಬಿಸಿನೀರಿಗೆ ಕಲಸಿದರೆ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಿನಂತಾಗುತ್ತದೆ. ನನ್ನ ಮನೆಗೆ ಬಂದ ಕೂಸಿಗೆ ಗೋಂದು ತಿನ್ನಿಸುವುದೇ? ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಮಗುವಿಗೆಂದು ಎರಡು ಮೆಣಸಿನಕಾಯಿ ಕಡಿಮೆ ಮಾಡಿ ಸಾರು ಕಾಯಿಸಿ, ಮುದ್ದೆ ಕಿವುಚಿ ಬಾಯಿಗಿಟ್ಟೆ. ಕೂಸು ಬಾಯಿ ಹೊಲಿದಂತೆ ಮುಚ್ಚಿತು. ಮಾರನೇ ದಿನವೂ ಹಾಗೇ. ಮೂರನೇ ದಿನ ನನ್ನ ಕೈ ಕಂಡರೇ ಅಳು.

"ಅವ್ವ, ಖಾರ ಐತೆ ಅದು" ಅಂದಳು ಮಗಳು.

"ನೀನು ಇದನ್ನೇ ಉಂಡು ಬೆಳೆದವಳು ಕಣೆ."

"ನಾನು ಬೆಳೆದಿದ್ದು ಅಪ್ಪನ ತಟ್ಟೇಲಿ."

ಆ ಮಾತು ಆಗ ನನ್ನ ಕಿವಿಗೆ ಹೋಗಲಿಲ್ಲ. ಮಗಳು ಡಬ್ಬಿ ಇಳಿಸಿದಳು. "ಇನ್ನ ನಾಲ್ಕು ದಿನ ನೋಡ್ತೀನಿ. ನಿನ್ನ ಕೈಯಲ್ಲಿ ಉಣ್ಣದಿದ್ರೆ ಸೋಮವಾರ ಹೊರಟೆ. ಮಗು ಸೊರಗಿಬಿಡ್ತು" ಅಂದಳು. ನಾನು ಒಲೆಯ ಕಡೆ ತಿರುಗಿ ಕುಳಿತೆ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಕೂಸಿನ ಕೆನ್ನೆ ಇಳಿದಿತ್ತು.

ಶನಿವಾರ ಹರಕೆ ತೀರಿಸಲು ಹಾಲುರಾಮೇಶ್ವರಕ್ಕೆ ಹೊರಟೆವು. ನಾನು ಎಲ್ಲಿಗೆ ಹೋದರೂ ರೊಟ್ಟಿ, ಚಟ್ನಿ ಪುಡಿಯ ಗಂಟು ಕಟ್ಟುವವಳು. ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ನಮ್ಮ ಮನೆಯವರು ಆ ಗಂಟನ್ನು ಸೀಟಿನ ಮೇಲೆ ಮರೆತರು. ಬೇಕೆಂದೇ ಮರೆತರು ಅಂತ ಇವತ್ತಿಗೂ ನನಗೆ ಅನುಮಾನ.

ಪೂಜೆ ಮುಗಿಸಿ ಬಂದಾಗ ಹೊಟ್ಟೆ ಹಸಿದಿತ್ತು. ರಸ್ತೆ ಬದಿಯಲ್ಲಿ ಒಂದು ತಗಡಿನ ಹೋಟೆಲು. ಒಬ್ಬಳೇ ಹೆಂಗಸು ಬೇಯಿಸಿ, ಬಡಿಸಿ, ತಟ್ಟೆ ತೊಳೆಯುವವಳು. ಅವಳು ಸುರಿದ ಸಾರಿನ ತಳದಲ್ಲಿ ತೊಗರಿಬೇಳೆಯನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಇದು ಸಾರೋ, ಕೈ ತೊಳೆದ ನೀರೋ?" ಅಂದೆ, ಅವಳಿಗೆ ಕೇಳಲಿ ಅಂತಲೇ.

ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ಲಿಗೆ ಬರೋರು ಕೂಸು ಎತ್ಕಂಡು ಬರ್ತಾರೆ ಅಜ್ಜಮ್ಮ. ಖಾರ ಬೇಕಾದ್ರೆ ಮೆಣಸಿನಕಾಯಿ ಅವೆ, ಕಡ್ಕಳ್ರಿ."

ನಾನು ಮೆಣಸಿನಕಾಯಿ ಕಡಿಯುತ್ತಾ ನಮ್ಮ ಮನೆಯವರ ಕಡೆ ನೋಡಿದೆ. ಅವರು ಆಗಲೇ ಅರ್ಧ ಮುದ್ದೆ ಮುಗಿಸಿದ್ದರು. ಪಕ್ಕದಲ್ಲಿ ಲೋಟದ ನೀರು ಇಟ್ಟದ್ದು ಇಟ್ಟ ಹಾಗೇ ಇತ್ತು.

"ನೀರು ಹಾಕ್ಕಳ್ಳಲಿಲ್ಲ ನೀವು" ಅಂದೆ.

"ಇದಕ್ಯಾಕೆ?" ಅಂದರು. ಅಂದ ಮೇಲೆ ಅವರಿಗೇ ತಾನು ಏನು ಹೇಳಿದೆ ಅಂತ ಹೊಳೆದಿರಬೇಕು. ತಲೆ ಬಗ್ಗಿಸಿ ಇನ್ನೊಂದು ತುತ್ತು ಮುರಿದರು.

ಅಷ್ಟರಲ್ಲಿ ಅವರ ತೊಡೆಯ ಮೇಲಿದ್ದ ಕೂಸು ತಟ್ಟೆಗೆ ಕೈ ಹಾಕಿತು. ಸಾರಿನಲ್ಲಿ ನೆನೆದ ಮುದ್ದೆಯ ಚೂರು ಬಾಯಿಗೆ ಹೋಯಿತು. ಉಗುಳಲಿಲ್ಲ. ನುಂಗಿ ಮತ್ತೆ ಬಾಯಿ ತೆರೆಯಿತು, ಆರು ಹಲ್ಲೂ ಕಂಡವು. ಮಗಳು ನನ್ನ ಮುಖ ನೋಡಿ, ತನ್ನ ತಟ್ಟೆಯನ್ನೂ ಕೂಸಿನ ಕಡೆ ಸರಿಸಿದಳು. ಎರಡು ಮಾತು ಅಂದಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ಬರುವಾಗ ಕೇಳಿದೆ. "ಇಷ್ಟು ವರ್ಷ ಬಾಯಿ ಬಿಡಕ್ಕೆ ಏನಾಗಿತ್ತು ನಿಮಗೆ?"

"ಬಾಯಿ ಉರೀತಿತ್ತಲ್ಲ" ಅಂದರು. "ಉರಿಯೋ ಬಾಯಲ್ಲಿ ಏನಂತ ಬಿಡ್ಲಿ."

ಅದಕ್ಕೇ ಹೋಟೆಲು ಹೋಟೆಲು ಅಂತ ಅಲೆಯುತ್ತಿದ್ದರು, ಪುಣ್ಯಾತ್ಮರು. ಆ ಸೋಪಿನ ಚೂರನ್ನೂ ಚಪ್ಪರಿಸಿದ್ದು ಇದಕ್ಕೇ.

ಭಾನುವಾರ ಸಾರು ಮಾಡಿದೆ, ನನ್ನ ಹಳೆಯ ಸಾರೇ. ಕೈ ಬೇರೆ ಥರ ಕೇಳುವುದಿಲ್ಲ. ಬಡಿಸುವ ಮುಂಚೆ ಮಗುವಿನ ಬಟ್ಟಲಿಗೆ ಒಂದು ಸೌಟು ಹಾಕಿ, ನಮ್ಮ ಮನೆಯವರ ಲೋಟ ಎತ್ತಿಕೊಂಡು ನಾನೇ ನೀರು ಸುರಿದೆ. ಬಣ್ಣ ಹೋಗುವವರೆಗೂ ಸುರಿದೆ. ಮುದ್ದೆ ಕಿವುಚಿ ಬೆರಳಿನಲ್ಲಿ ಬಾಯಿಗಿಟ್ಟೆ. ಕೂಸು ನನ್ನ ಬೆರಳನ್ನೂ ಸೇರಿಸಿ ಚೀಪಿತು.

ಸೋಮವಾರ ಮಗಳು ಹೊರಡಲಿಲ್ಲ. ಡಬ್ಬಿ ಮತ್ತೆ ಅಟ್ಟ ಹತ್ತಿತು, ಈ ಸಲ ಅವಳೇ ಇಟ್ಟಳು. ನಾನು ಈಗ ಎರಡು ಹೊತ್ತೂ ಆ ನೀರು ಕಾಯಿಸುತ್ತೇನೆ. ಅದನ್ನು ಸಾರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಮೂರು ಜನ ಅದನ್ನೇ ಉಣ್ಣುತ್ತಾರೆ, ಮೂವರ ನಾಲಿಗೆಯೂ ಒಂದೇ ಜಾತಿಯದು. ಬಟ್ಟಲು ಖಾಲಿಯಾದ ಮೇಲೆ ಚಿಕ್ಕವಳು ಅದನ್ನು ನೆಲಕ್ಕೆ ಬಡಿದು ಇನ್ನೂ ಬೇಕು ಅನ್ನುತ್ತಾಳೆ, ನಾನು ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ತರುತ್ತೇನೆ.