ಹದಿನೇಳನೇ ಮಹಡಿಯ ಹೆಳವ

ಬೆಳಗಿನ ಐದೂ ಹತ್ತು. ದುಬೈನ ಜುಮೇರಾ ಲೇಕ್ ಟವರ್ಸ್‌ನ ಕಟ್ಟಡವೊಂದರ ಹದಿನೇಳನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಮುರುಗೆಪ್ಪ ಹೆಳವರ ಕೂತಿದ್ದಾರೆ. ಎದುರಿನ ಪರದೆಯಲ್ಲಿ ಮುನ್ನೂರೈವತ್ತು ವರ್ಷ ಹಳೆಯ ಕಾಗದವೊಂದರ ಚಿತ್ರ, ಅದರ ತುಂಬ ಇರುವೆ ಸಾಲಿನಂಥ ಅಕ್ಷರ. ಎಡಗೈಯಲ್ಲಿ ಹಾಲಿಲ್ಲದ ಸುಲೇಮಾನಿ ಚಹಾ ಆರಿ ತಣ್ಣಗಾಗಿದೆ. ಬಲಗೈ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿದೆ.

"ಇಂವ ಆ ಮನಿ ಮಗಾ ಅಲ್ರಿ" ಅನ್ನುತ್ತಾರೆ, ನನ್ನ ಕಡೆ ತಿರುಗದೆ.

ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಅಲ್ ಬರ್ಷಾದಿಂದ ನಿದ್ದೆಗಣ್ಣಲ್ಲಿ ಟ್ಯಾಕ್ಸಿ ಹಿಡಿದು ಬಂದವಳು ನಾನು. ನಾಲ್ಕು ಮಾತು, ಒಂದು ಫೋಟೊ, ಏಳಕ್ಕೆಲ್ಲ ಮನೆಗೆ ಅಂದುಕೊಂಡಿದ್ದೆ. ಆ ಒಂದು ಮಾತಿಗೆ ಎಲ್ಲ ತಲೆಕೆಳಗಾಯಿತು. ಯಾಕೆಂದರೆ ಮುರುಗೆಪ್ಪ "ಮಗ ಅಲ್ಲ" ಅನ್ನುತ್ತಿರುವ, ಆ ಕಾಗದದಲ್ಲಿ ಹೆಸರಿರುವ ಥಾಮಸ್‌ನನ್ನು ಮಗ ಎಂದು ತೋರಿಸುವ ವಂಶಾವಳಿ ಇನ್ನು ಮೂರು ಗಂಟೆಯೊಳಗೆ ಬೋಸ್ಟನ್‌ಗೆ ಹೋಗಬೇಕು. ಅಲ್ಲಿಯ ಮಧ್ಯರಾತ್ರಿ ಹನ್ನೆರಡು ಅಂದರೆ ಇಲ್ಲಿಯ ಬೆಳಗ್ಗೆ ಎಂಟು.

ವಿಷಯ ಇಷ್ಟು. ಅಬುಧಾಬಿಯಲ್ಲಿ ಮಗಳ ಮನೆಯಲ್ಲಿರುವ ಡೊರೋಥಿ ಥಾರ್ನ್‌ಬಿ ಎಂಬ ಅಮೆರಿಕದ ಅಜ್ಜಿಗೆ ಎಂಬತ್ತೊಂಬತ್ತು ವರ್ಷ. 1638ರಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಮ್ಯಾಸಚೂಸೆಟ್ಸ್ ತೀರಕ್ಕೆ ಇಳಿದ ಎಲ್ಕಾನಾ ಥಾರ್ನ್‌ಬಿಯೇ ತಮ್ಮ ಮೂಲಪುರುಷ ಅಂತ ಅವರ ಮನೆಯವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಹಾಗೆ ಮೊದಲು ಬಂದವರ ವಂಶಸ್ಥರದೇ ಒಂದು ಸಂಘವಿದೆ. ಕಾಗದಪತ್ರದ ಸರಪಳಿ ಎಲ್ಲೂ ಕಡಿಯದೆ ತೋರಿಸಿದವರಿಗೆ ಮಾತ್ರ ಅಲ್ಲಿ ಹೆಸರು. ಅಜ್ಜಿಯ ತಂದೆ ಒಮ್ಮೆ ಅರ್ಜಿ ಹಾಕಿದ್ದರು. "ಒಂದು ಕೊಂಡಿ ಸಿಗುತ್ತಿಲ್ಲ" ಅಂತ ವಾಪಸ್ ಬಂತು. ಅದೇ ಕೊರಗಿನಲ್ಲಿ ಅವರು ತೀರಿಕೊಂಡರು. ದುಡ್ಡು ಕೊಟ್ಟವರ ವಂಶಾವಳಿ ಹುಡುಕಿಕೊಡುವ ಈ ಆಫೀಸಿನವರು ಆ ಕೊಂಡಿ ಹುಡುಕಿದ್ದಾರೆ. ಎಲ್ಕಾನಾನ ಉಯಿಲಿನಲ್ಲಿ ಥಾಮಸ್ ಅಂತ ಒಂದು ಹೆಸರಿದೆ, ಆ ಥಾಮಸ್‌ನಿಂದ ಡೊರೋಥಿ ಅಜ್ಜಿಯ ತನಕ ಹನ್ನೊಂದು ಹೆಸರು ಸಲೀಸಾಗಿ ಇಳಿದು ಬರುತ್ತವೆ. ಸಂಘದ ಈ ಸಲದ ಪಟ್ಟಿ ಇವತ್ತು ಮುಚ್ಚಿದರೆ ಮುಂದಿನದು ಎರಡು ವರ್ಷದ ಮೇಲೆ. ಎಂಬತ್ತೊಂಬತ್ತರ ಅಜ್ಜಿಗೆ ಎರಡು ವರ್ಷ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಕೊನೆಯ ಸಲ ಅಕ್ಷರ ತಾಳೆ ನೋಡಿ "ಸರಿ" ಅನ್ನುವುದಷ್ಟೇ ಮುರುಗೆಪ್ಪನವರ ಕೆಲಸ. ವೀಸಾದಲ್ಲಿರುವ ಹುದ್ದೆ ಡಾಟಾ ಎಂಟ್ರಿ ಕ್ಲರ್ಕ್. ದಿನಕ್ಕೆ ಅರವತ್ತು ಪುಟ, ಹನ್ನೊಂದು ವರ್ಷದಲ್ಲಿ ಸಾವಿರದೈನೂರು ಮನೆತನ. ಬಂಗಾರದ ಅಂಚಿನ ಪ್ರಮಾಣಪತ್ರಕ್ಕೆ ಸಹಿ ಹಾಕುವವನು ಬೋಸ್ಟನ್‌ನಲ್ಲಿ ಕೂತ ಪರಿಣತ. ಇವರ ಹೆಸರು ಒಂದರಲ್ಲೂ ಇಲ್ಲ. ಕೇಳಿ ನನಗೆ ಮೈ ಉರಿಯಿತು. ಅವರು ನಕ್ಕರು.

"ನಮ್ಮಪ್ಪನ ಹೆಸರು ಯಾರ ಮನಿ ವಂಶಾವಳಿಯೊಳಗ ಬರೀತಿದ್ರು? ಓದಾವ ಓದಬೇಕು, ಅಷ್ಟ."

ಅವರಪ್ಪ ಹೆಳವರು. ಬೆಳಗಾವಿ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಎತ್ತಿನ ಮೇಲೆ ಗಂಟು ಹೇರಿಕೊಂಡು ಊರೂರು ತಿರುಗಿ, ಮನೆ ಬಾಗಿಲಲ್ಲಿ ನಿಂತು ಆ ಮನೆತನದ ಹೆಸರುಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವವರು. ಯಾವ ಊರು ಬಿಟ್ಟು ಬಂದಿರಿ, ಯಾರಿಗೆ ಎಷ್ಟು ಮಕ್ಕಳು, ಹಿಸೆ ಆದಾಗ ಯಾವ ಹೊಲ ಯಾರ ಪಾಲಿಗೆ ಬಂತು, ಎಲ್ಲ ಅವರ ಹೊತ್ತಿಗೆಯಲ್ಲಿ ಇರುತ್ತದೆ. ಹೊಸ ಕೂಸು ಹುಟ್ಟಿದ್ದರೆ ಬರೆದುಕೊಂಡು, ಮನೆಯವರು ಕೊಟ್ಟದ್ದನ್ನು ತೆಗೆದುಕೊಂಡು ಮುಂದಿನ ಊರಿಗೆ. ಮುರುಗೆಪ್ಪನವರ ತಂದೆ ಮೂರು ವರ್ಷಕ್ಕೊಮ್ಮೆ ಸವದತ್ತಿ, ರಾಮದುರ್ಗದ ಕಡೆ ನಲವತ್ತು ಹಳ್ಳಿ ಸುತ್ತುತ್ತಿದ್ದರು. ಹೊತ್ತಿಗೆ ಇದ್ದದ್ದು ಮೋಡಿ ಅಕ್ಷರದಲ್ಲಿ, ಲೇಖಣಿ ಎತ್ತದೆ ಸುತ್ತಿ ಸುತ್ತಿ ಬರೆಯುವ ಹಳೆಯ ಲಿಪಿ. ಅದನ್ನು ಓದಿ ಬೆಳೆದ ಕಣ್ಣಿಗೆ ಇಂಗ್ಲಿಷಿನ ಹಳೆಯ ಗೀಚು ದೊಡ್ಡದೇನಲ್ಲ. ದುಬೈಗೆ ಬಂದದ್ದು ಕಟ್ಟಡ ಕಂಪನಿಯೊಂದರ ಫೈಲ್ ಜೋಡಿಸಲು. ಆ ಕಂಪನಿ ಖಲಾಸ್ ಆದಾಗ ಈ ಆಫೀಸಿನವರು ಯಾರಿಂದಲೂ ಓದಲಾಗದ ಒಂದು ಪುಟ ಮುಂದಿಟ್ಟರು. ಇವರು ಗಟ್ಟಿಯಾಗಿ ಓದಿಬಿಟ್ಟರು.

ಇಂಟರ್‌ನ್ಯಾಷನಲ್ ಸಿಟಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಹೆಂಡತಿ ಚನ್ನಬಸವ್ವ, ಹತ್ತನೇ ಕ್ಲಾಸಿನ ಮಗಳು ಅಕ್ಷರಾ. ನಾಲ್ಕೂವರೆಗೆ ಹಂಚಿಕೊಂಡ ಕಾರಿನಲ್ಲಿ ಹೊರಟು ಬರುತ್ತಾರೆ. "ಮಗಳು ಇಂಗ್ಲಿಷಿನ್ಯಾಗ ಅಂತಾಳ್ರಿ, ಅಪ್ಪಾ, ಇಟ್ಸ್ ಜಸ್ಟ್ ನೇಮ್ಸ್, ಅಂತ. ಬರೇ ಹೆಸರಂತ, ಬರೇ ಹೆಸರು!"

ಆರೂ ಕಾಲಿಗೆ ಮೇಲ್ವಿಚಾರಕಿ ನತಾಶಾ ಬಂದರು. ಮಂಗಳೂರಿನ ಕೊಂಕಣಿ ಹುಡುಗಿ, ಮುರುಗೆಪ್ಪನವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಬ್ಯಾಗ್ ಇಡುವ ಮೊದಲೇ, "ಮುರುಗೆಪ್ಪಣ್ಣ, ಓಕೆ ಮಾಡಿ ಆಯ್ತಲ್ಲ?"

"ಇಲ್ರಿ. ಥಾಮಸ್ ಮಗಾ ಅಲ್ಲ."

"ಎಂತ ಮಾರಾಯ್ರೆ ನೀವು! ವಿಲ್‌ನಲ್ಲಿ ಹೆಸರು ಉಂಟಲ್ಲ?"

"ಹೆಸರೈತಿ. ಏನು ಕೊಟ್ಟಾನ ನೋಡ್ರಿ." ಬೆರಳು ಮತ್ತೆ ಅದೇ ಸಾಲಿಗೆ ಹೋಯಿತು. "ಜಾನ್‌ಗ ಹೊಲ. ಸ್ಯಾಮ್ಯುವೆಲ್‌ಗ ಹೊಲ, ಮನಿ. ಥಾಮಸ್‌ಗ ಒಂದು ಜೊತಿ ಅರಿವಿ, ಒಂದು ಹೆಣ್ಣುಗರ. ಹೊಟ್ಟ್ಯಾಗ ಹುಟ್ಟಿದ ಮಗಗ ಯಾರರ ಅರಿವಿ ಕರ ಕೊಟ್ಟು ಕಳಸ್ತಾರೇನ್ರಿ?"

"ಸಣ್ಣ ಮಗ, ಬಟ್ಟೆ, ಕರು ಪ್ರೀತಿಗೆ ಕೊಟ್ಟದ್ದು ಅಂತ ಬೋಸ್ಟನ್ನಿನವರು ಬರ್ದಿದ್ದಾರೆ."

"ಅವರ ಮನಿಗೆ ಯಾರೂ ಹೆಳವರು ಬಂದಿಲ್ಲ, ಅದಕ್ಕ." ಮುರುಗೆಪ್ಪ ಕುರ್ಚಿ ತಿರುಗಿಸಿದರು. "ಅರಿವಿ, ಕರ, ಇದನ್ನ ನಮ್ಮಪ್ಪಗ ಕೊಡ್ತಿದ್ರು. ಬಾಗಲಕ್ಕ ಬಂದಾವಗ, ದುಡಿದು ಹೋಗಾವಗ ಕೊಡೂದದು. ಮನಿ ಮಗಗ ಹೊಲ ಕೊಡ್ತಾರ. ಇಂವ ಹೊರಗಿನಾಂವ."

ನತಾಶಾ ಕೂತರು. ಸಿಟ್ಟಿಗಿಂತ ಹೆದರಿಕೆ ಆ ಮುಖದಲ್ಲಿ ಹೆಚ್ಚಿತ್ತು. ಹೋದ ತಿಂಗಳು ಮುರುಗೆಪ್ಪ ಇನ್ನೊಬ್ಬ ಗಿರಾಕಿಯ ಸರಪಳಿ ಕಡಿದಿದ್ದರು. ಆತ ರಂಪ ಮಾಡಿ ದೂರು ಕೊಟ್ಟಿದ್ದ. ಇನ್ನೊಂದು ದೂರು ಬಂದರೆ ಮುಂದಿನ ತಿಂಗಳು ವೀಸಾ ನವೀಕರಣ ಮಾಫಿ, ಇಲ್ಲವೇ ಇಲ್ಲ, ಅಂತ ಮೇಲಿನವರು ಬಾಯಿಬಿಟ್ಟೇ ಹೇಳಿದ್ದಾರೆ. ವೀಸಾ ಹೋದರೆ ಮನೆ ಹೋಯಿತು, ಅಕ್ಷರಾಳ ಶಾಲೆ ಅರ್ಧಕ್ಕೆ ನಿಂತಿತು.

"ನಾನು ನಿಮ್ಮ ಒಳ್ಳೇದಕ್ಕೇ ಹೇಳುದು. ಕಣ್ಣು ಮುಚ್ಚಿ ಓಕೆ ಹಾಕಿ. ಆ ಅಜ್ಜಿಗೂ ಖುಷಿ. ಯಾರಿಗೆ ನಷ್ಟ ಹೇಳಿ?"

ನಿಜ ಹೇಳಿಬಿಡುತ್ತೇನೆ, ನನಗೂ ಹಾಗೇ ಅನ್ನಿಸಿತು. ಸತ್ತು ಮುನ್ನೂರೈವತ್ತು ವರ್ಷವಾದವನು ಯಾರ ಮಗನಾದರೇನು? ಹಾಕಿಬಿಡಿ ಮಾರಾಯರೆ ಅಂತ ನಾಲಿಗೆ ತುದಿಗೆ ಬಂದಿತ್ತು.

ಮುರುಗೆಪ್ಪ ತಣ್ಣಗಾದ ಚಹಾ ಬದಿಗಿಟ್ಟರು. ಆಮೇಲೆ ಒಂದು ಕಥೆ ಹೇಳಿದರು. ಒಂದೂರಿನ ಸಾಹುಕಾರ ತನ್ನ ಅಜ್ಜನ ಹೆಸರನ್ನು ಬೇರೆ ಮನೆತನದ ಸಾಲಿನಲ್ಲಿ ಸೇರಿಸಿ ಓದು, ಜೋಡಿ ಎತ್ತು ಕೊಡುತ್ತೇನೆ ಅಂದನಂತೆ. ಹೊಲದ ವ್ಯಾಜ್ಯವಿತ್ತು. ಅಪ್ಪ ಹೊತ್ತಿಗೆ ಮುಚ್ಚಿ ಎದ್ದು ಬಂದರು. ಆಮೇಲೆ ಒಂಬತ್ತು ವರ್ಷ ಆ ಊರಿಗೆ ಇವರನ್ನು ಬಿಟ್ಟುಕೊಳ್ಳಲಿಲ್ಲ. "ನಮ್ಮವ್ವ ಭಾಳ ಬೈದಳ್ರಿ, ಮಕ್ಕಳ ಹೊಟ್ಟಿ ನೋಡಬೇಕಿಲ್ಲೇನು ಅಂತ. ಅಪ್ಪ ಒಂದ ಮಾತು ಅಂದ. ಸುಳ್ಳು ಹೆಸರು ಓದಿದ ಬಾಯಿಗೆ ಕಾಳು ದಕ್ಕಂಗಿಲ್ಲ."

"ನಿಮ್ಮ ಅಪ್ಪನ ಮಾತು ಬೋಸ್ಟನ್‌ಗೆ ಕಳಿಸ್ಲಿಕ್ಕೆ ಆಗ್ತದಾ?" ನತಾಶಾ ಗಡಿಯಾರ ನೋಡಿದರು. "ಕಾಗದ ಬೇಕು ನಂಗೆ. ಏಳೂವರೆ ತನಕ ಹುಡುಕಿ. ಸಿಗದಿದ್ರೆ ನಾನು ಕಳಿಸ್ತೇನೆ. ಯಲ್ಲಾ, ಬೇಗ!"

ಮುರುಗೆಪ್ಪ ಎಲ್ಕಾನಾನ ಊರಿನ ಚರ್ಚಿನ ಪುಸ್ತಕವನ್ನು ಪರದೆಯಲ್ಲಿ ತೆರೆದರು. 1645ರಲ್ಲಿ ಎಲ್ಕಾನಾನ ಮಗ ಥಾಮಸ್‌ಗೆ ನಾಮಕರಣ ಆದದ್ದು ಮೊದಲೇ ಗೊತ್ತಿತ್ತು. ಅದರ ಮುಂದಿನ ಪುಟಗಳಿಗೆ ಎಂದೋ ನೀರು ಬಿದ್ದು ಕಲೆಯಾಗಿದೆ, ಯಾರೂ ಓದುವ ಗೋಜಿಗೆ ಹೋಗಿಲ್ಲ. ಬೇಕಾದ ಉತ್ತರ ಸಿಕ್ಕ ಮೇಲೆ ಯಾರು ಕಣ್ಣು ಕೆಡಿಸಿಕೊಳ್ಳುತ್ತಾರೆ? ಇವರು ಚಿತ್ರವನ್ನು ಹಿಗ್ಗಿಸಿ, ಕಪ್ಪು ಹೆಚ್ಚಿಸಿ, ಕಡಿಮೆ ಮಾಡಿ, ತುಟಿ ಅಲ್ಲಾಡಿಸುತ್ತ ಒಂದೊಂದೇ ಹೆಸರು ದಾಟುತ್ತಾರೆ. ಏಳು ಗಂಟೆ. ಏಳೂ ಐದು. ನತಾಶಾ ಕಳಿಸಬೇಕಾದ ಕಡತ ತೆರೆದಿಟ್ಟುಕೊಂಡು ಉಗುರು ಕಚ್ಚುತ್ತಿದ್ದಾರೆ.

ಏಳೂ ಹತ್ತಕ್ಕೆ ಮುರುಗೆಪ್ಪ "ಅಯ್ಯ ನನ್ನ ಕೂಸ" ಅಂದರು.

1649ರ ಚಳಿಗಾಲ. ಎಲ್ಕಾನಾ ಥಾರ್ನ್‌ಬಿಯ ಮಗ ಥಾಮಸ್, ನಾಲ್ಕು ವರ್ಷ, ಮಣ್ಣು ಮಾಡಿದ್ದು. ನಾಲ್ಕಕ್ಕೇ ಹೋದ ಕೂಸಿಗೆ ಹದಿನೇಳು ವರ್ಷದ ಮೇಲೆ ಉಯಿಲಿನಲ್ಲಿ ಕರು ಕೊಡುವುದು ಹೇಗೆ?

ಹಾಗಾದರೆ ಈ ಇನ್ನೊಬ್ಬ ಥಾಮಸ್ ಯಾರು? ಅದು ಊರಿನ ಕೋರ್ಟಿನ ಕಾಗದದಲ್ಲಿ ಸಿಕ್ಕಿತು. 1655ರಲ್ಲಿ ಹಡಗಿನಿಂದ ಇಳಿದ ಒಂಬತ್ತು ವರ್ಷದ ಹುಡುಗ. ತಂದೆತಾಯಿ ಇಲ್ಲ. ಇಪ್ಪತ್ತೊಂದು ತುಂಬುವವರೆಗೆ ಎಲ್ಕಾನಾನ ಮನೆಯಲ್ಲಿ ದುಡಿಯಬೇಕು, ಬಿಡುವಾಗ ಒಂದು ಜೊತೆ ಬಟ್ಟೆ ಕೊಡಬೇಕು ಅಂತ ಕರಾರು. ಕರುವನ್ನು ಎಲ್ಕಾನಾ ತಾನಾಗಿಯೇ ಸೇರಿಸಿದ್ದ. ಹುಡುಗನ ಮನೆಹೆಸರು ಯಾರೂ ಬರೆದಿಲ್ಲ. ದುಡಿದ ಮನೆಯ ಹೆಸರೇ ಅವನಿಗೂ ಅವನ ಮಕ್ಕಳಿಗೂ ಅಂಟಿಕೊಂಡಿತು. ಕೊಂಡಿ ಸಿಗಲಿಲ್ಲ ಅಂತ ಕೊರಗಿದರಲ್ಲ ಡೊರೋಥಿ ಅಜ್ಜಿಯ ತಂದೆ, ಆ ಕೊಂಡಿ ಇರಲೇ ಇಲ್ಲ.

ನತಾಶಾ ಎರಡೂ ಪುಟ ಎರಡೆರಡು ಸಲ ಓದಿದರು. "ದೇವಾ" ಅಂದರು. ಆಮೇಲೆ ಅಬುಧಾಬಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿ ಮುರುಗೆಪ್ಪನವರ ಮುಂದೆ ಸರಿಸಿದರು. "ನೀವೇ ಹೇಳಿ. ನನ್ನಿಂದಾಗುದಿಲ್ಲ."

ಫೋನ್ ಎತ್ತಿದ್ದು ಡೊರೋಥಿ ಅಜ್ಜಿಯೇ. ಸಿಹಿ ಸುದ್ದಿಗೆ ಕಾದು ಬೆಳಗಿನಿಂದ ಕೂತಿದ್ದರಂತೆ. ಮುರುಗೆಪ್ಪ ಎದ್ದು ನಿಂತು ಹೇಳಿದರು. ಅವರ ಇಂಗ್ಲಿಷಿನಲ್ಲೂ ಬೆಳಗಾವಿ ಇತ್ತು, ಆದರೆ ಒಂದು ಮಾತೂ ತಪ್ಪಲಿಲ್ಲ. ಸತ್ತ ಕೂಸು, ಹಡಗಿನ ಹುಡುಗ, ಬಟ್ಟೆ, ಕರು.

ನಾನು ಗಡಿಯಾರ ನೋಡಿದೆ. ಏಳೂ ಐವತ್ತು.

"ಹಾಗಾದರೆ ನಮಗೆ ಯಾರೂ ಇಲ್ಲವೇ?" ಅಂದರು ಅಜ್ಜಿ.

"ಅದಾನ್ರೀ" ಎಂದು ಮುರುಗೆಪ್ಪನವರ ಬಾಯಲ್ಲಿ ಕನ್ನಡವೇ ಬಂದುಬಿಟ್ಟಿತು. ತಿದ್ದಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು. "ಇದ್ದಾನೆ ಮೇಡಂ. ಒಂಬತ್ತು ವರ್ಷಕ್ಕೆ ಒಬ್ಬನೇ ಸಮುದ್ರ ದಾಟಿ ಬಂದವನು. ನೀವು ಅವನವರು. ಅಲ್ಲಿಂದ ನಿಮ್ಮ ತನಕ ಒಂದು ಹೆಸರೂ ತಪ್ಪಿಲ್ಲ."

ಅಜ್ಜಿ ಮೂಗು ಒರೆಸಿಕೊಂಡದ್ದು ಕೇಳಿಸಿತು. "ನನ್ನ ಅಪ್ಪನಿಗೆ ಇದನ್ನು ಹೇಳುವವರು ಇದ್ದಿದ್ದರೆ" ಅಂದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ, "ಆ ಅರ್ಜಿ ಕಳಿಸಬೇಡಿ. ನೀವು ಬಂದು ಆ ಹುಡುಗನಿಂದ ಶುರುಮಾಡಿ ನನಗೆ ಓದಿ ಹೇಳಿ."

ಎಂಟು ಹೊಡೆಯಿತು. ನತಾಶಾ ಕಡತ ಮುಚ್ಚಿ, ಕಣ್ಣೊರೆಸಿಕೊಂಡು, "ಇನ್ನು ನನ್ನ ಕೆಲ್ಸಕ್ಕೂ ಸಂಚಕಾರ, ಎಲ್ಲ ನಿಮ್ಮಿಂದ" ಎಂದು ಬೈದು ಮೂವರಿಗೂ ಚಹಾ ತರಲು ಹೋದರು.

ಶನಿವಾರ ನಾನೂ ಅಬುಧಾಬಿಗೆ ಹೋಗಿದ್ದೆ, ಬಿಡಲಾದೀತೇ! ಚನ್ನಬಸವ್ವ ಗಂಡನ ತಲೆಗೆ ಪಟಗ ಸುತ್ತಿ ಕರೆದುಕೊಂಡು ಬಂದಿದ್ದರು. ಫ್ಲ್ಯಾಟಿನ ಬಾಗಿಲಲ್ಲಿ, ಹೊಸ್ತಿಲ ಹೊರಗೇ ನಿಂತು ಮುರುಗೆಪ್ಪ ಓದಿದರು. ಯಾವ ಹಡಗು, ಯಾವ ಮನೆ, ಏನು ಕೊಟ್ಟು ಕಳಿಸಿದರು, ಹೆಂಡತಿ ಎಲ್ಲಿಯವಳು, ಮಕ್ಕಳೆಷ್ಟು. ರಾಗ ಅಪ್ಪನದು, ಹೆಸರುಗಳು ಮಾತ್ರ ಇಂಗ್ಲಿಷಿನವು. ಗಾಲಿಕುರ್ಚಿಯಲ್ಲಿ ಕೂತ ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಹನ್ನೊಂದನೆಯದಾಗಿ ತಮ್ಮ ಹೆಸರು ಬಂದಾಗ ಚಿಕ್ಕ ಹುಡುಗಿಯ ಹಾಗೆ ಕೈ ಎತ್ತಿದರು. ಮುಗಿದ ಮೇಲೆ ಮಗಳಿಂದ ಐದು ಕೆಜಿ ಜೋಳದ ಚೀಲ, ಒಂದು ಜೊತೆ ಹೊಸ ಬಟ್ಟೆ ತರಿಸಿ ಕೊಟ್ಟರು. ಹೆಳವರಿಗೆ ಏನು ಸಲ್ಲುತ್ತದೆ ಅಂತ ಮೊದಲೇ ನತಾಶಾಳನ್ನು ಕೇಳಿ ತಿಳಿದುಕೊಂಡಿದ್ದರು. "ಕರುವನ್ನು ಈ ಕಟ್ಟಡದವರು ಲಿಫ್ಟಿಗೆ ಬಿಡುವುದಿಲ್ಲವಂತೆ" ಅಂದರು. ಚನ್ನಬಸವ್ವ ಸೆರಗು ಬಾಯಿಗೆ ಹಿಡಿದು ನಕ್ಕರು.

ಅಜ್ಜಿ ದೂರು ಕೊಡಲಿಲ್ಲ. ವೀಸಾ ಎರಡು ವರ್ಷಕ್ಕೆ ನವೀಕರಣವಾಗಿದೆ. ಹುದ್ದೆ ಈಗಲೂ ಡಾಟಾ ಎಂಟ್ರಿ ಕ್ಲರ್ಕ್.

ಆ ಶನಿವಾರ ವಾಪಸ್ ಬರುವ ಬಸ್ಸಿನಲ್ಲಿ ಜೋಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುರುಗೆಪ್ಪನವರನ್ನು, ಮುಂದೇನು ಆಸೆ ಅಂತ ಕೇಳಿದೆ.

"ಕಾಳು ತಗೊಂಡ ಮ್ಯಾಲ ಅದು ನಮ್ಮ ಮನಿ ಆತ್ರಿ. ಮೂರು ವರ್ಷಕ್ಕ ಮತ್ತ ಹೋಗಬೇಕು. ಹೊಸಾ ಕೂಸು ಹುಟ್ಟಿದ್ರ ಬರಕೋಬೇಕಲ್ಲ."

"ಅಷ್ಟೊತ್ತಿಗೆ ಅಜ್ಜಿ..." ಅಂದೆ.

"ಇದ್ರ ಕುಂತು ಕೇಳ್ತಾಳ" ಅಂದರು ಮುರುಗೆಪ್ಪ. "ಇರಲಿಲ್ಲಂದ್ರ, ಆಕಿ ಹೆಸರ ಬಂದಾಗ ಒಂದೀಟು ನಿಂತು ಓದ್ತೀನಿ."