ಮಂಡಕ್ಕಿಗೆ ಸೌತೆಕಾಯಿ

ಕೊಪ್ಪದಿಂದ ನರಸಿಂಹರಾಜಪುರದ ಕಡೆ ಹೋಗುವ ರಸ್ತೆಯ ಬದಿಗೆ ತಿಮ್ಮಪ್ಪನ ಹಿಟ್ಟಿನ ಮಿಲ್ಲು ಇತ್ತು. ಹುಟ್ಟೂರು ಭಂಡಿಗಡಿಯಲ್ಲಿ ಅಣ್ಣತಮ್ಮಂದಿರೊಳಗೆ ಗದ್ದೆ ಪಾಲಾದಾಗ ತನ್ನ ಪಾಲನ್ನು ದೊಡ್ಡಣ್ಣನಿಗೇ ಬಿಟ್ಟು ಪೇಟೆಗೆ ಬಂದವನು ಅವನು. ಹಗಲೆಲ್ಲ ಮೋಟರಿನ ಸದ್ದನ್ನು ಮೀರಿ ಮಾತಾಡಿ ಅವನ ದನಿ ಜೋರಾಗಿಬಿಟ್ಟಿತ್ತು. ಮನೆಗೆ ಬಂದು ಊಟಕ್ಕೆ ಬಡಿಸು ಅಂದರೂ ಪಕ್ಕದ ಮನೆಗೆ ಕೇಳುತ್ತಿತ್ತು. ಹುಬ್ಬಿನ ಮೇಲೆ, ಕಿವಿಯ ಸಂದಿನಲ್ಲಿ ಯಾವಾಗಲೂ ಹಿಟ್ಟು. ಮಿಲ್ಲಿನ ಗೋಣಿಚೀಲಗಳನ್ನು ತೂತು ಮಾಡುವ ಇಲಿಗಳ ಮೇಲೆ ಅವನಿಗೆ ತಡೆಯಲಾರದ ಸಿಟ್ಟು. ದಿನಾ ಸಂಜೆ ಬೋನು ಇಟ್ಟೇ ಬಾಗಿಲು ಹಾಕುತ್ತಿದ್ದ.

ಅಂಥವನ ಮಗಳು ಅರ್ಪಿತಾ ಒಂದು ದೀಪಾವಳಿಗೆ ಬೂಟಿನ ಡಬ್ಬಿಯಲ್ಲಿ ಇಲಿಯೊಂದನ್ನು ಇಟ್ಟುಕೊಂಡು ಬಂದಳು. ಅದು ಎರಡು ಸಾವಿರದ ಮೂರನೆಯ ಇಸವಿ. ಅವಳು ಶಿವಮೊಗ್ಗದಲ್ಲಿ ಫಾರ್ಮಸಿ ಓದುತ್ತಿದ್ದಳು. ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮುಗಿದ ಬಿಳಿ ಇಲಿಗಳನ್ನು ಕೊಲ್ಲುತ್ತಾರೆಂದು ಗೊತ್ತಾಗಿ ಒಂದನ್ನು ಕೇಳಿ ಪಡೆದಿದ್ದಳು. ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಮೈಯೆಲ್ಲ ಬಿಳುಪು, ಕಣ್ಣು ಮಾತ್ರ ಕೆಂಪು. ಅದಕ್ಕೆ ಅವಳೇ ಮಂಡಕ್ಕಿ ಅಂತ ಹೆಸರಿಟ್ಟಿದ್ದಳು.

"ಇಲಿ ಕೊಲ್ಲೋನ ಮನೆಗೆ ಇಲಿ ತಂದೆಯಲ್ಲ ಮಾರಾಯ್ತಿ" ಅಂದ ತಿಮ್ಮಪ್ಪ.

"ಇದು ಆ ಇಲಿ ಅಲ್ಲ ಅಪ್ಪಯ್ಯ. ಕೈಗೆ ತಗೊಂಡು ನೋಡು."

ಅವನು ತೆಗೆದುಕೊಳ್ಳಲಿಲ್ಲ. ತಾಯಿ ವನಜಮ್ಮ, ದೇವರ ದೀಪ ಹಚ್ಚುವ ಮನೆಯೊಳಗೆ ಅದು ಬೇಡವೇ ಬೇಡ ಅಂದಳು. ಹಾಗಾಗಿ ಮಂಡಕ್ಕಿಯ ಗೂಡು ಮಿಲ್ಲಿನ ಹಿಂದಿನ ಮೂಲೆಗೆ ಹೋಯಿತು. ರಜೆ ಮುಗಿಸಿ ಅರ್ಪಿತಾ ಹೋದ ಮೇಲೆ ಅದಕ್ಕೆ ಅನ್ನ ನೀರು ಹಾಕುವುದು ತಿಮ್ಮಪ್ಪನ ಪಾಲಿಗೆ ಬಂತು. ಮೊದಮೊದಲು ದೂರದಿಂದಲೇ ಹಾಕಿದ. ಆಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಿಲ್ಲು ನಿಂತಿದ್ದಾಗ ಅದು ಅವನ ಬೆರಳನ್ನು ಎರಡೂ ಮುಂಗಾಲಿನಿಂದ ಹಿಡಿದುಕೊಂಡು ಮೂಸಿತು. ಅಷ್ಟೇ. ಮುಂದಿನ ವಾರದಿಂದ ಅದು ಅವನ ಅಂಗಿಯ ಜೇಬಿನಲ್ಲಿ ಕೂರತೊಡಗಿತು.

ಗಿರಾಕಿಗಳ ಎದುರಿಗೆ ಮಾತ್ರ ಅವನು ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಹಿಟ್ಟು ಬೀಸುವ ಕಡೆ ಇಲಿ ಸಾಕಿದ್ದಾನೆಂದು ಗೊತ್ತಾದರೆ ಯಾರು ಬರುತ್ತಾರೆ? ಯಾರಾದರೂ ಬಂದ ಕೂಡಲೇ ಗೂಡಿನ ಮೇಲೆ ಗೋಣಿಚೀಲ ಎಳೆದುಬಿಡುತ್ತಿದ್ದ. ಚೀಲದ ತುಂಬಾ ರಾಗಿ, ಗೋಧಿಯ ಧೂಳು.

ಏಪ್ರಿಲ್ ಬಂತು. ಬಿಸಿಲಿಗೆ ಮಿಲ್ಲಿನ ತಗಡು ಕಾಯುತ್ತಿತ್ತು. ಮಂಡಕ್ಕಿ ಸೀನಲು ಶುರು ಮಾಡಿತು. ಮೂಗಿನ ಸುತ್ತ, ಕಣ್ಣಿನ ಅಂಚಿಗೆ ಕೆಂಪಗೆ ಏನೋ ಅಂಟಿಕೊಂಡಿತು. ಕಾಳು ಹಾಕಿದರೆ ಮೂಸಿ ಬಿಡುತ್ತಿತ್ತು. ನೀರಿನ ತಟ್ಟೆಯ ಹತ್ತಿರವೂ ಹೋಗಲಿಲ್ಲ.

"ದನಿನ ಡಾಕ್ಟ್ರಿಗೆ ತೋರಿಸಿ" ಅಂದಳು ವನಜಮ್ಮ.

"ಇಲಿ ಹಿಡ್ಕೊಂಡು ಹೋದ್ರೆ ಅಲ್ಲಿ ನಿಂತೋರು ಎಂತ ಅಂತಾರೆ? ನಾಳೆ ಇಡೀ ಪೇಟೆಗೆ ಗೊತ್ತಾಗ್ತದೆ."

ಹೊಟ್ಟೆ ಕೆಟ್ಟಿರಬೇಕೆಂದು ತಾನೇ ತೀರ್ಮಾನಿಸಿದ. ಮನುಷ್ಯರಿಗೆ ಕೊಡುವಂತೆ ಒಂದಿಷ್ಟು ಗೋಲಿಸೋಡ ಕುಡಿಸಿದ. ಅದರ ಹೊಟ್ಟೆ ಉಬ್ಬಿತು. ಮಾರನೆಯ ಸಂಜೆಗೆ ಅದು ಗೂಡಿನ ಮೂಲೆಯಲ್ಲಿ ಬೆನ್ನು ಬಾಗಿಸಿ ಕೂತಿತ್ತು. ಕೈಗೆ ತೆಗೆದುಕೊಂಡರೆ ಒದ್ದೆ ಬಟ್ಟೆಯಂತೆ ಜೋತುಬಿತ್ತು.

ಬಾಗಿಲು ಹಾಕಿ ಮನೆಗೆ ಬರುವ ಹೊತ್ತಿಗೆ ಫೋನು ಬಡಿದುಕೊಂಡಿತು. ಅರ್ಪಿತಾ. ಸೋಮವಾರದಿಂದ ಅವಳಿಗೆ ವರ್ಷದ ಪರೀಕ್ಷೆ.

"ಮಂಡಕ್ಕಿಗೆ ಹುಷಾರಿಲ್ಲ ಅಂದ್ಲು ಅಮ್ಮ. ನಾನು ನಾಳೆ ಬೆಳಿಗ್ಗೆ ಬಸ್ಸಿಗೆ ಬಂದು ನೋಡ್ತೀನಿ ಅಪ್ಪಯ್ಯ. ಭಾನುವಾರ ವಾಪಸ್ ಹೋಗ್ತೀನಿ."

ತಿಮ್ಮಪ್ಪನಿಗೆ ಮಿಲ್ಲಿನ ಗೂಡಿನಲ್ಲಿ ಬೆನ್ನು ಬಾಗಿಸಿ ಕೂತದ್ದು ನೆನಪಾಯಿತು. ಇದು ಇನ್ನು ಉಳಿಯುವುದಿಲ್ಲ ಅನ್ನಿಸಿತು. ಅವಳು ಬರುವುದು, ಅದು ಅವಳ ಕೈಯಲ್ಲೇ ಸಾಯುವುದು, ಅತ್ತುಕೊಂಡು ಹೋಗಿ ಪರೀಕ್ಷೆಗೆ ಕೂರುವುದು, ಎಲ್ಲ ಒಟ್ಟಿಗೆ ಕಣ್ಣಿಗೆ ಬಂತು.

"ಬರೋದೆಲ್ಲ ಬೇಡ ಮಗಾ. ಅದು ಹೋತು. ಇವತ್ತು ಬೆಳಿಗ್ಗೇನೇ ಹೋತು."

ಅವಳು ಕೇಳಿದಳು, "ತುಂಬಾ ನೋವು ತಿಂತಾ?"

"ಇಲ್ಲ. ಮಲಗಿದಲ್ಲೇ ಹೋತು."

ವನಜಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಬೆಳಿಗ್ಗೆ ಎದ್ದು ಮಿಲ್ಲಿಗೆ ಹೋಗಿ ನೋಡಿದರೆ ಮಂಡಕ್ಕಿ ಉಸಿರಾಡುತ್ತಿತ್ತು. ತಿಮ್ಮಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ನೇರ ಪಶು ಆಸ್ಪತ್ರೆಗೆ ನಡೆದ. ಅಲ್ಲಿ ಕರುವಿನೊಂದಿಗೆ ನಿಂತಿದ್ದ ಇಬ್ಬರು ಟವೆಲಿನೊಳಗೆ ಇಣುಕಿ ನಕ್ಕರು. ಅವನಿಗೆ ಆಗ ಅದೇನೂ ಅನ್ನಿಸಲಿಲ್ಲ.

ಡಾಕ್ಟರು ಪ್ರಸಾದ್ ಅದರ ಕತ್ತಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರು. ಚರ್ಮ ಎತ್ತಿದ ಹಾಗೇ ನಿಂತು, ನಿಧಾನಕ್ಕೆ ಕೆಳಗಿಳಿಯಿತು.

"ಮೈಯಲ್ಲಿ ನೀರೇ ಇಲ್ಲ ನೋಡಿ. ಮೂಗಿನ ಹತ್ರ ಇರೋದು ರಕ್ತ ಅಲ್ಲ, ಹುಷಾರಿಲ್ದಾಗ ಇವಕ್ಕೆ ಹಂಗೆ ಕೆಂಪು ಬತ್ತದೆ. ಉಸಿರಿನ ಕಾಯಿಲೆ ಇದು. ಎಲ್ಲಿಟ್ಟಿದೀರಿ ಇದನ್ನ?"

"ಮಿಲ್ಲಲ್ಲಿ."

ಡಾಕ್ಟರು ತಲೆಯೆತ್ತಿ ಅವನ ಹುಬ್ಬಿನ ಮೇಲಿನ ಹಿಟ್ಟು ನೋಡಿದರು. "ಅಲ್ಲಿಂದ ಮೊದ್ಲು ತೆಗೀರಿ. ತಿನ್ನಕ್ಕೆ ಎಂತ ಕೊಟ್ರಿ?"

ಸೋಡದ ವಿಷಯ ಹೇಳಿದ.

"ಇಲಿಗೆ ತೇಗಕ್ಕೆ ಬರಲ್ಲ, ವಾಂತಿ ಮಾಡಕ್ಕೂ ಬರಲ್ಲ ಮಾರಾಯ್ರೆ. ಗ್ಯಾಸು ಒಳಗೆ ಹೋದ್ರೆ ಅಲ್ಲೇ. ಇನ್ನು ಮುಟ್ಟಿಸಬೇಡಿ. ಸೌತೆಕಾಯಿ ಸಿಪ್ಪೆ ತೆಗೆದು ಸಣ್ಣ ಚೂರು ಕೊಡಿ. ಕಲ್ಲಂಗಡಿ ಆಗ್ತದೆ, ಬೀಜ ತೆಗೀರಿ. ಉಪ್ಪು ಹಾಕದೆ ತೆಳು ಗಂಜಿ. ಬೇಯಿಸಿದ ಸಿಹಿಗುಂಬಳ ಕಿವುಚಿ ಕೊಡಿ. ಎಳನೀರು ನಾಲ್ಕು ಹನಿ, ಜಾಸ್ತಿ ಬೇಡ. ಬಾಯಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗ್ತದೆ. ಅದೇ ನೆಕ್ಕಬೇಕು. ಕುಡಿಯೋ ನೀರು ಯಾವಾಗ್ಲೂ ಹತ್ರ ಇರ್ಲಿ." ಔಷಧಿಯನ್ನೂ ಕೊಟ್ಟರು. ಬಾಗಿಲವರೆಗೆ ಬಂದು, "ಸ್ವಲ್ಪ ಬೇಗ ಬರಬೇಕಿತ್ತು" ಅಂದರು.

ಗೂಡನ್ನು ವನಜಮ್ಮನೇ ಮಿಲ್ಲಿನಿಂದ ತಂದು ತೊಳೆದು ಅಡಿಗೆಮನೆಯ ಹಿಂದಿನ ಜಗಲಿಯಲ್ಲಿ, ನೆರಳಿನಲ್ಲಿ ಇಟ್ಟಳು. ದೇವರ ಮಾತು ಎತ್ತಲಿಲ್ಲ. ತಿಮ್ಮಪ್ಪ ಸೌತೆಕಾಯಿಯ ಚೂರನ್ನು ಅದರ ಮೂತಿಯ ಹತ್ತಿರ ಹಿಡಿದು ಕೂತ. ಮೊದಲ ದಿನ ಅದು ಬರೀ ನೆಕ್ಕಿತು. ಬೆರಳಿಗೆ ಹಚ್ಚಿದ ಎಳನೀರನ್ನೂ ನೆಕ್ಕಿತು. ಆಮೇಲೆ ಗಂಜಿ. ಭಾನುವಾರದ ಸಂತೆಯಲ್ಲಿ ಅವನು ಕಲ್ಲಂಗಡಿ ತಂದು, ಬೀಜಗಳನ್ನು ಒಂದೊಂದಾಗಿ ಕಿತ್ತು ಕೊಟ್ಟಾಗ ಅದು ಎದ್ದು ಕೂತು ಎರಡೂ ಕೈಯಲ್ಲಿ ಹಿಡಿದುಕೊಂಡು ತಿಂದಿತು. ಗದ್ದವೆಲ್ಲ ಕೆಂಪು ರಸ. ವನಜಮ್ಮ ನೋಡಿ ನಕ್ಕಳು.

"ಈಗ್ಲಾದ್ರೂ ಅವ್ಳಿಗೆ ಫೋನ್ ಮಾಡಿ ಹೇಳಿ."

"ಈಗ ಹೇಳಿದ್ರೆ ಓದೋದು ಬಿಟ್ಟು ಓಡಿ ಬತ್ತಾಳೆ. ಪರೀಕ್ಷೆ ಮುಗೀಲಿ."

ಪರೀಕ್ಷೆಯ ನಡುವೆ ಅವಳು ಫೋನು ಮಾಡಿದಾಗಲೂ ಹೇಳಲಿಲ್ಲ. ಅವಳು ಮಂಡಕ್ಕಿಯ ಹೆಸರೆತ್ತಲಿಲ್ಲ. ಎತ್ತಿದ್ದರೆ ಹೇಳುತ್ತಿದ್ದೆ ಅಂತ ಆಮೇಲೆ ಅವನು ಹೆಂಡತಿಯ ಹತ್ತಿರ ಅಂದ. ನಿಜಕ್ಕೂ ಅವನಿಗೆ ಸುಳ್ಳು ಹೇಳಿದೆ ಅನ್ನುವುದಕ್ಕೇ ನಾಚಿಕೆಯಾಗುತ್ತಿತ್ತು. ಅವಳು ಬಂದಾಗ ಜೇಬಿನಿಂದ ತೆಗೆದು ಕೈಗೆ ಕೊಟ್ಟರೆ ಸಂತೋಷದಲ್ಲಿ ಸುಳ್ಳು ಮರೆತುಹೋಗುತ್ತದೆ ಅಂದುಕೊಂಡಿದ್ದ.

ಆದರೆ ಧೂಳು ಕುಡಿದ ಶ್ವಾಸಕೋಶ ಸುಧಾರಿಸಲಿಲ್ಲ. ಅರ್ಪಿತಾ ಬರುವುದಕ್ಕೆ ಇನ್ನೂ ಒಂದು ಪೇಪರು ಬಾಕಿ ಇರುವಾಗ ಮಂಡಕ್ಕಿ ಮತ್ತೆ ತಿನ್ನುವುದು ಬಿಟ್ಟಿತು. ಕುಂಬಳಕಾಯಿ ಕಿವುಚಿಟ್ಟರೂ ಬೇಡ, ಎಳನೀರೂ ಬೇಡ. ಊಟದ ಹೊತ್ತಿಗೆ ತಿಮ್ಮಪ್ಪ ಮಿಲ್ಲಿನಿಂದ ಬಂದಾಗ ಅದು ವನಜಮ್ಮನ ಸೆರಗಿನಲ್ಲಿ ತಣ್ಣಗಾಗಿತ್ತು.

ಅರ್ಪಿತಾ ಬಂದ ದಿನ ಜಗಲಿಯಲ್ಲಿ ತೊಳೆದ ಗೂಡು, ಅದರ ಪಕ್ಕದಲ್ಲಿ ಔಷಧಿಯ ಬಾಟಲಿ ನೋಡಿದಳು. ಬಾಟಲಿಯ ಮೇಲಿನ ಚೀಟಿಯಲ್ಲಿ, ಮಂಡಕ್ಕಿ ಸತ್ತಿತೆಂದು ಅಪ್ಪ ಹೇಳಿದ ಮರುದಿನದ ತಾರೀಖು ಓದಿ ತಾಯಿಯ ಮುಖ ನೋಡಿದಳು. ವನಜಮ್ಮ ಎಲ್ಲ ಹೇಳಿಬಿಟ್ಟಳು.

ತಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದ. ಮಗಳು ಕೂಗಾಡುತ್ತಾಳೆಂದು ಕಾದ.

"ಕಲ್ಲಂಗಡಿ ತಿಂತಾ?" ಅಂತ ಕೇಳಿದಳು ಅವಳು.

"ತಿಂತು. ಕೂತ್ಕೊಂಡು ತಿಂತು."

"ಒಂದ್ಸಲ ನಾನೂ ತಿನ್ನಿಸಬಹುದಿತ್ತು." ಅಷ್ಟೇ ಅಂದು ಒಳಗೆ ಹೋದಳು.

ಅವನು ಬಾಗಿಲಲ್ಲೇ ಸುಮಾರು ಹೊತ್ತು ನಿಂತಿದ್ದ. ಮಿಲ್ಲಿನ ಮುಂದೆ ಗಿರಾಕಿಗಳು ಕಾಯುತ್ತಿದ್ದರೂ ಹೋಗಲಿಲ್ಲ.

ಪರೀಕ್ಷೆಯಲ್ಲಿ ಅವಳು ಪಾಸಾದಳು. ಓದು ಮುಗಿಸಿ ಶೃಂಗೇರಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ರೂಮು ಮಾಡಿಕೊಂಡಳು. ಅಪ್ಪನ ಜೊತೆ ಮಾತು ಬಿಟ್ಟವಳಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಅವನ ಕೆಮ್ಮಿಗೆ ಸಿರಪ್ಪು ತರುತ್ತಿದ್ದಳು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೀಸು ಅಂತ ಜಗಳ ಮಾಡುತ್ತಿದ್ದಳು. ಒಂದು ಮಳೆಗಾಲದಲ್ಲಿ ವನಜಮ್ಮನಿಗೆ ಜ್ವರ ಬಂದಾಗ ತಿಮ್ಮಪ್ಪ ತಾನೇ ಫೋನು ಮಾಡಿ, ನಿನ್ನೆಯಿಂದ ಜ್ವರ, ಡಾಕ್ಟ್ರು ನೋಡಿದಾರೆ, ಇವತ್ತು ಗಂಜಿ ಕುಡಿದ್ಲು, ಹೆದರೋ ಹಂಗಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದ. ಒಂದು ಮಾತನ್ನೂ ಮುಚ್ಚಿಡಲಿಲ್ಲ.

ಅವಳು ಎಲ್ಲ ಕೇಳಿಸಿಕೊಂಡಳು.

"ಅಮ್ಮನ ಕೈಗೆ ಕೊಡು ಅಪ್ಪಯ್ಯ. ಅವಳ ಬಾಯಲ್ಲೇ ಕೇಳ್ತೀನಿ" ಅಂದಳು.

ಅವನು ಫೋನನ್ನು ಹಾಸಿಗೆಯ ಹತ್ತಿರ ಎಳೆದು, ರಿಸೀವರನ್ನು ಹೆಂಡತಿಯ ಕಿವಿಗೆ ಹಿಡಿದು ನಿಂತ.