ಎಂಟು ಮೈಲಿಯ ಕಲ್ಲು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮಗನ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ್ದಾಳೆ. ಹರಪನಹಳ್ಳಿಯ ಆಸ್ಪತ್ರೆಯಿಂದ ಮಗ ಫೋನ್ ಮಾಡಿದಾಗ ನಾನು ಕಾನಹೊಸಹಳ್ಳಿಯಲ್ಲಿ ಗಡ್ಡ ಕೆರೆಸಿಕೊಳ್ಳುತ್ತ ಕೂತಿದ್ದೆ. ಕೇಳಿದವನೇ ಅರ್ಧ ಗಡ್ಡಕ್ಕೇ ಎದ್ದುಬಿಟ್ಟೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು ಎದುರಿಗೆ ಬಂದವರ ಬಾಯಿಗೆಲ್ಲ ಹಾಕಿದೆ. ಬಸ್ಸಿನ ಕಂಡಕ್ಟರನಿಗೆ ಹಾಕಿದೆ. ಗುರುತಿಲ್ಲದ ಲಾರಿ ಡ್ರೈವರನೊಬ್ಬನಿಗೂ ಹಾಕಿದೆ, ಅವನಿಗೆ ನನ್ನ ಮಾತು ತಿಳಿಯಲಿಲ್ಲ, ಸಕ್ಕರೆ ತಿಳಿಯಿತು.

"ಅಜ್ಜಾರ, ಈ ಕಡಿ ಗಲ್ಲ ಹಂಗs ಉಳಕಂಡೈತಿ ಬರ್ರಿ," ಎಂದು ಕ್ಷೌರದವನು ಹಿಂದಿನಿಂದ ಕೂಗುತ್ತಿದ್ದ.

"ಇರಲಿ ಬಿಡಲೇ, ಮೊಮ್ಮಗಳು ನೋಡಿ ನಗಲಿ," ಅಂದೆ.

ಅಷ್ಟು ಖುಷಿ. ಈಗಲೂ ಅಷ್ಟೇ ಖುಷಿ ಇದೆ, ಎದೆಯಲ್ಲಿ ಹಿಡಿಸುತ್ತಿಲ್ಲ. ಆದರೆ ಖುಷಿಯನ್ನು ಬರೆಯಲು ಕೂತರೆ ಕೈ ಬೇರೆ ಕಡೆಗೇ ಹೋಗುತ್ತದೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಾನು ರಸ್ತೆಯ ಮನುಷ್ಯ. ಚಿತ್ರದುರ್ಗದಿಂದ ಕೂಡ್ಲಿಗಿ, ಹೊಸಪೇಟೆ ದಾಟಿ ವಿಜಯಪುರ, ಸೊಲ್ಲಾಪುರದವರೆಗೆ ಹೋಗುವ ಹೆದ್ದಾರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗ್ಯಾಂಗ್‌ಮನ್ ಆಗಿದ್ದೆ. ಅಷ್ಟು ದೊಡ್ಡ ರಸ್ತೆಯಲ್ಲಿ ನನ್ನ ಪಾಲಿಗೆ ಬಂದದ್ದು ಐದು ಮೈಲಿ. ಅದರ ಗುಂಡಿ ಮುಚ್ಚುವುದು, ಮೋರಿಯ ಕಸ ತೆಗೆಯುವುದು, ಬದಿಯ ಹುಣಸೆಮರಗಳಿಗೆ ಕೆಮ್ಮಣ್ಣು ಸುಣ್ಣ ಬಳಿಯುವುದು ನನ್ನ ಕೆಲಸ. ಸೊಲ್ಲಾಪುರ ಹೇಗಿದೆ ಎಂದು ಇವತ್ತಿಗೂ ನೋಡಿಲ್ಲ.

ನಾನು ಸೇರಿದಾಗ ಅದು ಒಂದೇ ಬಸ್ಸಿನಗಲದ ರಸ್ತೆ. ಎದುರುಬದುರು ಎರಡು ಲಾರಿ ಬಂದರೆ ಒಂದು ಮಣ್ಣಿಗಿಳಿಯಬೇಕು, ಯಾರು ಇಳಿಯಬೇಕು ಎಂಬುದಕ್ಕೆ ಜಗಳ. ಡಾಂಬರಿನ ಡ್ರಮ್ಮಿನ ಕೆಳಗೆ ಜಾಲಿ ಕಟ್ಟಿಗೆ ಉರಿಸಿ, ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಕಾದ ಜಲ್ಲಿಯ ಮೇಲೆ ನಡೆಯುತ್ತಿದ್ದೆವು. ಆಮೇಲೆ ಅದನ್ನು ಎರಡು ಬಸ್ಸಿನಗಲ ಮಾಡಿದರು. ಆಮೇಲೆ ಅದಿರಿನ ಲಾರಿಗಳ ಕಾಲ ಬಂತು. ಅದಿರಿನ ಧೂಳಿಗೆ ನಮ್ಮ ಎತ್ತುಗಳ ಕಣ್ಣರೆಪ್ಪೆಯೂ ಕೆಂಪಗಾಗಿತ್ತು, ಬೆಳಿಗ್ಗೆ ಮುಚ್ಚಿದ ಗುಂಡಿ ಸಂಜೆಗೆ ಬಾಯಿ ತೆರೆಯುತ್ತಿತ್ತು. ಹದಿಮೂರು ಎಂದಿದ್ದ ಹೆದ್ದಾರಿಯ ನಂಬರು ಹೋಗಿ ಐವತ್ತು ಆಯಿತು. ಕೊನೆಗೆ ಫೋರ್‌ಲೈನ್ ಬಂತು. ಹುಣಸೆಮರಗಳೆಲ್ಲ ಹೋದವು.

ನನಗೆ ಮೊದಲು ಒಬ್ಬ ಮಗಳಿದ್ದಳು.

ನಮ್ಮ ಹೊಲ ಆ ಹೆದ್ದಾರಿಗೆ ಹತ್ತಿಕೊಂಡೇ ಇದೆ. ಹೊಲದ ಮೂಲೆಯ ಎದುರಿಗೆ, ರಸ್ತೆಯ ಬದಿಯಲ್ಲಿ ಹಳೆಯ ಮೈಲಿಗಲ್ಲು ಬಿದ್ದಿತ್ತು. ಕಿಲೋಮೀಟರಿನ ಕಲ್ಲು ಬಂದ ಮೇಲೆ ಕಿತ್ತು ಎಸೆದದ್ದು. "ಕೂಡ್ಲಿಗಿ ೮" ಎಂದು ಕೆತ್ತಿದ್ದರು. ಮಗಳು ಅದರ ಮೇಲೆ ಕುದುರೆ ಸವಾರಿಯಂತೆ ಕೂತು ಲಾರಿಗಳನ್ನು ನೋಡುತ್ತಿದ್ದಳು. ಎಂಟರ ಮೇಲೆ ಬೆರಳಾಡಿಸಿ ಆಡಿಸಿ ಅವಳು ಶಾಲೆಗೆ ಹೋಗುವ ಮೊದಲೇ ಎಂಟು ಬರೆಯುವುದನ್ನು ಕಲಿತಳು. ಒಂದರಿಂದ ಏಳು ಬರುತ್ತಿರಲಿಲ್ಲ, ಎಂಟು ಮಾತ್ರ ಬರುತ್ತಿತ್ತು.

"ಎಪ್ಪಾ, ನಾವು ಕೂಡ್ಲಿಗಿಗಿ ಹತ್ರ ಹೋದ್ರೂ ಈ ಕಲ್ಲು ಎಂಟs ಅಂತೈತೇನು?" ಎಂದು ಕೇಳಿದ್ದಳು.

"ಕಲ್ಲು ಎಲ್ಲಿಗಿ ಬರ್ತೈತವ್ವಾ, ಅದು ಇಲ್ಲೇ ಇರ್ತೈತಿ," ಅಂದಿದ್ದೆ.

ರಸ್ತೆಯನ್ನು ಎರಡು ಬಸ್ಸಿನಗಲ ಮಾಡುತ್ತಿದ್ದ ಮಳೆಗಾಲದಲ್ಲಿ ಅವಳಿಗೆ ವಾಂತಿಭೇದಿ ಹತ್ತಿತು. ಏಳು ವರ್ಷದವಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಗೆ ಹೋದವು. ಬಾಡಿಗೆ ಜೀಪು ಹಿಡಿದು ಕೂಡ್ಲಿಗಿ ಆಸ್ಪತ್ರೆಗೆ ಹೊರಟೆವು. ದಾರಿಯ ಮೋರಿಯನ್ನು ಒಡೆದು ಹೊಸದು ಕಟ್ಟುತ್ತಿದ್ದರು. ಒಡೆದದ್ದು ನಮ್ಮ ಗ್ಯಾಂಗೇ. ಪಕ್ಕದಲ್ಲಿ ಗಾಡಿ ದಾಟಲು ಮಣ್ಣಿನ ಅಡ್ಡದಾರಿ ಮಾಡಿ, ಕೆಂಪು ಬಟ್ಟೆ ಕಟ್ಟಿ ಬಂದವನು ನಾನೇ. ಮಳೆಗೆ ಅದು ಕೆಸರಾಗಿತ್ತು. ಜೀಪು ಅಚ್ಚಿನ ತನಕ ಹೂತುಕೊಂಡಿತು. ಎಳೆಯಲು ಎತ್ತು ತರುವಷ್ಟರಲ್ಲಿ ಹೆಂಡತಿಯ ಮಡಿಲಲ್ಲಿ ಮಗು ಹೋಗಿತ್ತು.

ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಹೂಳುತ್ತೇವೆ. ಅವಳನ್ನು ರಸ್ತೆಯ ಕಡೆಯ ಮೂಲೆಯಲ್ಲಿ ಕೂರಿಸಿ, ವಿಭೂತಿ ಇಟ್ಟು ಮಣ್ಣು ಕೊಟ್ಟೆವು. ಹೆಂಡತಿ ಅಲ್ಲೊಂದು ಕಟ್ಟೆ ಕಟ್ಟಿಸಿ ಬಿಲ್ವದ ಸಸಿ ಇಡೋಣ ಎಂದಳು. ನಾನು ಕೇಳಲಿಲ್ಲ. ಆ ಮೈಲಿಗಲ್ಲನ್ನು ಹೊತ್ತು ತಂದು ಅವಳ ತಲೆಯ ಮೇಲೆ ನೆಟ್ಟೆ. ಅವಳಿಗೆ ಅದೇ ಬೇಕಾದದ್ದು ಎಂದು ನನಗೆ ಅನ್ನಿಸಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಹಿಡಿದು ಯಾರೂ ಮಾತಾಡಿಲ್ಲ. ಬಾಯಿಗೆ ಬರುತ್ತಿರಲಿಲ್ಲ. "ಆಕಿ" ಅಂದರೆ ಅವಳೇ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಮಗ ಹುಟ್ಟಿದ. ಅವನು ಅಕ್ಕನನ್ನು ನೋಡಿಲ್ಲ, ಆ ಕಲ್ಲನ್ನೇ ನೋಡಿ ಬೆಳೆದ.

ಫೋರ್‌ಲೈನಿಗೆ ಜಾಗ ಅಳೆಯಲು ಬಂದಾಗ ನಾನು ಹೆದರಲಿಲ್ಲ. ನಮ್ಮ ಕಾಲದಲ್ಲಿ ರಸ್ತೆಯನ್ನು ಅಗಲ ಮಾಡುವುದೆಂದರೆ ನಡುಗೆರೆಯಿಂದ ಎರಡೂ ಕಡೆಗೆ ಸಮ ಸಮ ಅಳೆಯುತ್ತಿದ್ದೆವು. ಹಾಗೆ ಅಳೆದರೆ ಮಗಳ ಜಾಗ ರಸ್ತೆಯ ಬೇಲಿಯ ಈಚೆ, ನಮ್ಮ ಹೊಲದಲ್ಲೇ ಉಳಿಯುತ್ತಿತ್ತು, ನಾನೇ ಹೆಜ್ಜೆ ಹಾಕಿ ನೋಡಿದ್ದೆ. ಕಾಗದ ಕೊಟ್ಟರು, ಹೆಬ್ಬೆಟ್ಟಿನವನಲ್ಲ ಎಂದು ಸೊಕ್ಕಿನಿಂದ ಸಹಿ ಹಾಕಿದೆ, ನಕ್ಷೆಯನ್ನು ಓದಿಸಲಿಲ್ಲ. ಓದಿಸುವುದೇನು, ರಸ್ತೆಯ ಮನುಷ್ಯ ನಾನು! ಆದರೆ ಅವರು ಹಳೆಯ ರಸ್ತೆಯನ್ನು ಹಾಗೇ ಬಿಟ್ಟು, ಹೊಸದನ್ನು ಪೂರ್ತಿ ನಮ್ಮ ಕಡೆಗೇ ಹಾಕಿದರು. ಆ ದಿನಗಳಲ್ಲಿ ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹಗರಿಬೊಮ್ಮನಹಳ್ಳಿಯ ತಂಗಿಯ ಮನೆಯಲ್ಲಿದ್ದೆ. ಹೆಂಡತಿಯೂ ಜೊತೆಗಿದ್ದಳು. ಕಣ್ಣಿನ ಪಟ್ಟಿ ಬಿಚ್ಚಿ, ಅವಳನ್ನು ಮನೆಗೆ ಬಿಟ್ಟು ಹೊಲಕ್ಕೆ ಹೋದರೆ ಅಲ್ಲಿ ಮೂಲೆಯೇ ಇರಲಿಲ್ಲ. ಮೊರಂ ಮಣ್ಣು ಹಾಕಿ ರೋಲರ್ ಓಡಿಸಿದ್ದರು.

ಕಲ್ಲು ಎಲ್ಲಿ ಎಂದು ಕೇಳಿಕೊಂಡು ಕೆಲಸದವರ ಕ್ಯಾಂಪಿಗೆ ಹೋದೆ. ಆಫೀಸಿನ ಮುಂದೆ, ಗುಲಾಬಿ ಕುಂಡಗಳ ನಡುವೆ ನಿಂತಿತ್ತು. ಬಿಳಿ ಬಣ್ಣ ಬಳಿದು, ಎಂಟಕ್ಕೆ ಕಪ್ಪು ತುಂಬಿದ್ದರು. ಇಂಜಿನಿಯರ್ ಚಿಕ್ಕ ವಯಸ್ಸಿನವನು, ಒಳ್ಳೆಯವನು. ನಾನು ಹಳೆಯ ಗ್ಯಾಂಗ್‌ಮನ್ ಎಂದು ತಿಳಿದು ಕುರ್ಚಿ ಕೊಟ್ಟ, ಚಹಾ ತರಿಸಿದ.

"ಹಳೇ ಕಾಲದ ಮೈಲಿಗಲ್ಲು ಅಜ್ಜಾರೇ. ಜೆಸಿಬಿಯವನು ಒಡೆದು ಹಾಕ್ತಿದ್ದ, ನಾನೇ ನಿಲ್ಲಿಸಿ ತರಿಸಿದೆ. ಜರ್ಮನಿಯಲ್ಲಿ ಇಂಥ ಕಲ್ಲುಗಳನ್ನ ಎಷ್ಟು ಚೆನ್ನಾಗಿ ಕಾಪಾಡ್ತಾರೆ ಗೊತ್ತಾ?" ಎಂದ.

ಫೋನಿನಲ್ಲಿ ಆ ದೇಶದ ಒಂದು ಹೆದ್ದಾರಿಯನ್ನು ತೋರಿಸಿದ. ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸಿನಲ್ಲಿ ದಿನಪೂರ್ತಿ ಬೇಕಂತೆ. ನಮ್ಮ ಅಜ್ಜನ ಕಾಲದಲ್ಲೇ ಕಟ್ಟಲು ಶುರು ಮಾಡಿದ್ದರಂತೆ. ನಡುವೆ ಯುದ್ಧ ಬಂದು, ದೇಶ ಎರಡಾಗಿ, ಒಂದು ಕಡೆ ರಸ್ತೆಯೇ ತುಂಡಾಗಿ ಹುಲ್ಲು ಬೆಳೆದಿತ್ತಂತೆ. ದೇಶ ಮತ್ತೆ ಒಂದಾದ ಮೇಲೆ ಹುಲ್ಲು ಕಿತ್ತು ರಸ್ತೆ ಕೂಡಿಸಿ, ನಾಕಿದ್ದದ್ದನ್ನು ಆರು ಸಾಲು ಮಾಡಿದರಂತೆ. ಅವನು ಕಣ್ಣರಳಿಸಿ ಹೇಳುತ್ತಿದ್ದ. ನಾನು ಅದರ ಕೆಳಗೆ ಯಾರ ಯಾರ ಮಕ್ಕಳಿದ್ದಾರೋ ಎಂದು ನೋಡುತ್ತಿದ್ದೆ.

"ಸಾಹೇಬ್ರ, ಇದು ನಮ್ಮ ಹುಡುಗಿ ತಲಿ ಮ್ಯಾಲಿನ ಕಲ್ಲು," ಅಂದೆ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎದ್ದು ನಿಂತ. "ಸಮಾಧಿ ಅಂತ ಗೊತ್ತಿದ್ದಿದ್ರೆ ನಾವು ಮುಟ್ಟುತ್ತಿರಲಿಲ್ಲ, ಮನೆಯವರನ್ನ ಕರೆಸಿ, ಕಾಯಿ ಒಡೆಸಿ, ಪೂಜೆ ಮಾಡಿಸಿ ಬೇರೆ ಕಡೆ ಇಡಿಸ್ತಿದ್ವಿ. ಎಷ್ಟೋ ಕಡೆ ಹಾಗೇ ಮಾಡಿದೀವಿ. ಕಲ್ಲು ನೋಡಿ ರಸ್ತೆದೇ ಅಂದ್ಕೊಂಡ್ವಿ," ಎಂದ.

ಕಟ್ಟೆ ಇದ್ದಿದ್ದರೆ, ಬಿಲ್ವದ ಗಿಡ ಇದ್ದಿದ್ದರೆ ಅವರು ನಿಲ್ಲುತ್ತಿದ್ದರು. ನಿಲ್ಲದ ಹಾಗೆ ಮಾಡಿದವನು ನಾನು. ಕಲ್ಲು ತೆಗೆದುಕೊಂಡು ಹೋಗಿ ಎಂದ. ಎಲ್ಲಿ ನೆಡಲಿ? ಬೇಡ ಎಂದು ಬಂದೆ.

ಹೆಂಡತಿಗೆ ಹೇಳಲಿಲ್ಲ. "ಜಾಗ ಬೇಲಿ ಈಚೀಕಡಿ ಉಳಕಂಡೈತಿ, ಕಲ್ಲು ಒಂದೀಟು ಒಳಗ ಸರಿಸ್ಯಾರ," ಅಂದೆ. ಅವಳ ಮೊಣಕಾಲು ಕೆಟ್ಟಿದ್ದರಿಂದ ಹೊಲಕ್ಕೆ ಹೋಗುವುದನ್ನು ಬಿಟ್ಟಿದ್ದಳು. ಹಬ್ಬ ಬಂದಾಗಲೆಲ್ಲ ಹೋಳಿಗೆ, ಅನ್ನ, ಸಾರಿನ ಎಡೆ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಒಯ್ಯುತ್ತಿದ್ದೆ.

ಹೀಗೆ ಆರೇಳು ವರ್ಷ ಹೋದವು. ಈಗ ಮೊಮ್ಮಗಳು ಬಂದಳು. ಸೊಸೆ ಕೊಟ್ಟೂರಿನವಳು, ಅವಳ ತಾಯಿ ಇಲ್ಲ, ಅದಕ್ಕೆ ಬಾಣಂತನ ನಮ್ಮ ಮನೆಯಲ್ಲೇ. ಹದಿಮೂರನೇ ದಿನಕ್ಕೆ ತೊಟ್ಟಿಲು, ಹೆಸರಿಡುವುದು ಎಂದು ಗೊತ್ತು ಮಾಡಿದೆವು. ಒಂಬತ್ತನೇ ದಿನ ಹೆಂಡತಿ ಬಾಣಂತಿಗೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.

"ನೋಡ್ರಿ, ಕೂಸಿಗೆ ಆಕಿ ಹೆಸರು ಇಡಬೇಕು ಅಂತ ನನ್ನ ಮನಸಿನಾಗ ಐತಿ," ಅಂದಳು. "ಆದ್ರ ಅರ್ಧಕ್ಕ ಹೋದಾಕಿ. ಕೇಳದs ಇಡಬಾರದು. ನಾಳಿ ಹೋಗಿ ಕಲ್ಲಿನ ಮ್ಯಾಲ ಹೂವಿಟ್ಟು ಕೇಳಾಣ. ಬಲಕ್ಕ ಬಿದ್ರ ಇಡಾದು. ಎಡಕ್ಕ ಬಿದ್ರ ಬ್ಯಾಡ."

"ನಿನ್ನ ಮೊಣಕಾಲು..."

"ನನ್ನ ಮೊಣಕಾಲಿನ ಚಿಂತಿ ಬಿಡ್ರಿ. ಮಗನ ಗಾಡಿಯಾಗ ಹೋದ್ರಾತು."

ನನಗೆ ಇನ್ನು ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ. "ಅಲ್ಲಿ ಕಲ್ಲಿಲ್ಲ. ಜಾಗನೂ ಇಲ್ಲ. ರೋಡಿನ ಕೆಳಗ ಹೋಗೈತಿ," ಅಂದೆ.

"ಯಾವಾಗ?"

"ಫೋರ್‌ಲೈನ್ ಆದಾಗ."

ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾಲ್ಕೈದು ಎಸಳು ಸುಲಿದ ಮೇಲೆ ತಲೆ ಎತ್ತಿದಳು. ನಲವತ್ತು ವರ್ಷಕ್ಕೂ ಮೇಲಿನ ಸಂಸಾರದಲ್ಲಿ ಮೊದಲ ಸಲ ನನ್ನನ್ನು ಏಕವಚನದಲ್ಲಿ ಕೇಳಿದಳು.

"ಮತ್ತ ಇಷ್ಟು ವರ್ಷ ಹೋಳಿಗಿ ಎಡಿ ಯಾರಿಗಿ ಉಣಿಸಿ ಬಂದಿ?"

"ಬೇಲಿ ಹತ್ರ ಇಟ್ಟು ಬರ್ತಿದ್ದೆ."

"ನಾಯಿ ತಿಂತಿದ್ವು."

"ಹ್ಞೂಂ."

ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದನೆಂದು ಆಗ ಗೊತ್ತಾಯಿತು. ಅವನಿಗೊಂದು ಗೂಡ್ಸ್ ಗಾಡಿ ಇದೆ. ದಿನಾ ಬೆಳಿಗ್ಗೆ ಹಡಗಲಿಯಿಂದ ಮಲ್ಲಿಗೆ ತುಂಬಿಕೊಂಡು ಚಿತ್ರದುರ್ಗದ ಮಾರ್ಕೆಟ್ಟಿಗೆ ಹಾಕುತ್ತಾನೆ. ಅಕ್ಕನ ಕಲ್ಲು ಎಲ್ಲೋ ಒಳಗೆ ಸರಿಸಿಟ್ಟಿದ್ದಾರೆ ಎಂದು ನಾನು ಹೇಳಿದ್ದನ್ನು ಅವನೂ ನಂಬಿದ್ದ.

"ಎಪ್ಪಾ, ಯಾವ ಕಡಿ ರೋಡಿನಾಗ? ದುರ್ಗಕ್ಕ ಹೋಗಾದಾ, ಅಲ್ಲಿಂದ ಬರಾದಾ?"

"ಹೋಗಾದು."

"ಹೂವು ತುಂಬ್ಕಂಡು ಹೋಗೋ ಕಡಿ," ಅಂದ. ಆಮೇಲೆ ಹೊರಗೆ ಹೋಗಿ ಗಾಡಿಯ ಗಾಜು ಒರೆಸತೊಡಗಿದ. ಗಾಜು ಸ್ವಚ್ಛವಾಗಿಯೇ ಇತ್ತು.

ಹೆಂಡತಿ ಆದರೂ ಹೋಗಲೇಬೇಕೆಂದಳು. ಮರುದಿನ ಬೆಳಿಗ್ಗೆ ಮೂವರೂ ಹೋದೆವು. ಸರ್ವಿಸ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿದ. ನಾನು ಹೊಲದ ಪಕ್ಕದ ಮೋರಿಯಿಂದ ಹೆಜ್ಜೆ ಹಾಕಿಕೊಂಡು ಬಂದೆ. ಆದರೆ ಆ ಮೋರಿಯೂ ಹಳೆಯದಲ್ಲ, ಒಡೆದು ದೊಡ್ಡದು ಮಾಡಿದ್ದಾರೆ. ನಲವತ್ತೆರಡು ಹೆಜ್ಜೆಗೆ ನಿಂತು, "ಆ ಬಿಳಿ ಗೆರಿ ಐತಲ್ಲ, ಅದರ ಈಚೀಕಡಿ ಇರಬೇಕು," ಅಂದೆ.

"ಖಾತ್ರಿನಾ?"

"ಖಾತ್ರಿ ಇಲ್ಲ."

"ಐದು ಮೈಲಿನಾಗ ಎಲ್ಲೆಲ್ಲಿ ಗುಂಡಿ ಅದಾವು ಅಂತ ಬಾಯಿಪಾಠ ಒಪ್ಪಿಸ್ತಿದ್ರಿ. ಮಗಳ ಕುಣಿ ಗೊತ್ತಿಲ್ಲ?"

ಅವಳು ಸೆರಗಿನಿಂದ ಒಂದು ಮಲ್ಲಿಗೆ ತೆಗೆದು, ತಂದಿದ್ದ ಚೊಂಬಿನ ನೀರಲ್ಲಿ ಅದ್ದಿ, ರಸ್ತೆಯಂಚಿನ ಕಬ್ಬಿಣದ ಪಟ್ಟಿಯ ಮೇಲೆ ಇಟ್ಟಳು. ಕಣ್ಣು ಮುಚ್ಚಿ ಏನೋ ಕೇಳಿದಳು. ಅಷ್ಟರಲ್ಲಿ ಸಿಮೆಂಟಿನ ಲಾರಿಯೊಂದು ಹೋಯಿತು. ಅದರ ಗಾಳಿಗೆ ಹೂವು ಎಲ್ಲಿ ಹೋಯಿತೋ ನಮಗೆ ಯಾರಿಗೂ ಕಾಣಲಿಲ್ಲ. ಇನ್ನೊಂದು ಇಟ್ಟಳು. ಬಸ್ಸು ಬಂತು. ಮೂರನೆಯದನ್ನು ಇಡಲಿಲ್ಲ. ಸೆರಗಿನಲ್ಲೇ ಕಟ್ಟಿಕೊಂಡಳು.

"ಮಾತು ಕೇಳೋ ಜಾಗ ಅಲ್ಲ ಇದು. ನಡೀರಿ," ಅಂದಳು.

ಮೊಮ್ಮಗಳಿಗೆ ಬೇರೆ ಹೆಸರಿಟ್ಟೆವು. ಸೊಸೆ ಆರಿಸಿದ್ದು, ಚಂದದ ಹೆಸರು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೇಳುವಾಗ ಅವಳ ಬೆನ್ನಿಗೆ ಉಳಿದವರು ಗುದ್ದಬೇಕು. ಅದು ನಮ್ಮ ಕಡೆಯ ಪದ್ಧತಿ. ನನ್ನ ತಂಗಿಯ ಮಗಳನ್ನು ಹಗರಿಬೊಮ್ಮನಹಳ್ಳಿಯಿಂದ ಕರೆಸಿದ್ದೆವು. ಓಣಿಯ ಹೆಂಗಸರು ಹಳೆಯ ಸೇಡು ತೀರಿಸುವವರಂತೆ ಗುದ್ದಿದರು.

"ಸಾಕ್ರೇ ಯವ್ವಾ, ಹೆಸರು ಮರತೆ ನೋಡ್ರಿ!" ಎಂದು ಅವಳು ಕೂಗಿದಳು. ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಹೆಂಡತಿ ತೊಟ್ಟಿಲ ಹಗ್ಗ ಹಿಡಿದು ಒಮ್ಮೆಯೂ ಗುದ್ದದೆ ನಿಂತಿದ್ದಳು.

ಈಗ ಕೂಸಿಗೆ ಎರಡು ತಿಂಗಳು. ದಿನಾ ಬೆಳಿಗ್ಗೆ ಹೆಂಡತಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುತ್ತಾಳೆ. ಹೊರಗೆ ಹಂಡೆಯ ಒಲೆಗೆ ಕಟ್ಟಿಗೆ ನೂಕುವುದು ನನ್ನ ಕೆಲಸ. ಕೂಸು ಗಂಟಲು ಹರಿಯುವಂತೆ ಅಳುತ್ತದೆ. ಮೊನ್ನೆ ಹೀಗೇ ಅಳುವಾಗ, ನೀರಿನ ಸದ್ದಿನ ನಡುವೆ, ಹೆಂಡತಿ ಅದನ್ನು ಮಗಳ ಹೆಸರು ಹಿಡಿದು ಕರೆದಳು. ಒಂದಲ್ಲ, ಮೂರು ಸಲ. "ಆತು ಬಾರವ್ವಾ, ಆತು ಆತು," ಎಂದು.

ಅಷ್ಟು ವರ್ಷದ ಮೇಲೆ ಆ ಹೆಸರು ನನ್ನ ಕಿವಿಗೆ ಬಿತ್ತು. ನಾನು ಕೆಮ್ಮಲಿಲ್ಲ, ಕಟ್ಟಿಗೆಯನ್ನೂ ಅಲುಗಿಸಲಿಲ್ಲ. ನನಗೆ ಕೇಳಿಸಿತೆಂದು ಗೊತ್ತಾದರೆ ಅವಳು ಮತ್ತೆ ಬಾಯಿ ಮುಚ್ಚಿಬಿಟ್ಟಾಳು ಎಂದು ಹೊಗೆಯಲ್ಲೇ ಕೂತಿದ್ದೆ.